ಉರುಳು ಬಿಡಿಸಿದ ಕೈಗಳು



ಈ ಸಲದ ಇ-ಸ್ಮರಣ ಸಂಚಿಕೆಗೆ ನಿಮಗಿಷ್ಟವಾದ ಸಾಧಕಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರುಗಳು ಬೇರೆಯೇ ಇದ್ದವು. ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಸಂಚಿ ಹೊನ್ನಮ್ಮ ಇವರ ಬಗ್ಗೆ ನಾನು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು, ಬರೆಯುವುದು ಕಷ್ಟವೇನಾಗಿರಲಿಲ್ಲ. ಆದರೆ ಈ ವರ್ಷ ನನ್ನ ಮನೆಯಲ್ಲಿ, ನನ್ನ ತಲೆಯಲ್ಲಿ ಓಡಾಡಿಕೊಂಡಿದ್ದ ಹೆಂಗಸು ಇನ್ನೊಬ್ಬಳು. ಅವಳು ಕನ್ನಡದವಳಲ್ಲ, ಭಾರತದವಳೂ ಅಲ್ಲ. ತೀರಿಕೊಂಡು ನಲವತ್ತು ವರ್ಷವಾಯಿತು. ಹೆಸರು ಡಯಾನ್ ಫಾಸಿ. ಆಫ್ರಿಕಾದ ಪರ್ವತ ಗೊರಿಲ್ಲಾಗಳನ್ನು ಉಳಿಸಲು ಹೋಗಿ ಅಲ್ಲಿಯೇ ಪ್ರಾಣ ಬಿಟ್ಟವಳು.

ಅವಳು ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ.

ಹೋದ ಸಂಕ್ರಾಂತಿಯ ದಿನ. ನಮ್ಮದು ಮುಂಬಯಿ ಉಪನಗರದ ಏಳು ಅಂತಸ್ತಿನ ಹಳೆಯ ಕಟ್ಟಡ. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ಕೆಳಗಿನ ಮನೆಗಳಿಗೆ ಹೋಗಿದ್ದೆ. ಅಂಗಳದಲ್ಲಿ ಜನ ತಲೆಯೆತ್ತಿ ನೋಡುತ್ತಿದ್ದರು. ನಾನೂ ನೋಡಿದೆ. ನೀರಿನ ಟ್ಯಾಂಕಿನ ಪಕ್ಕದ ಕಂಬಕ್ಕೆ ಸುತ್ತಿಕೊಂಡ ಗಾಳಿಪಟದ ಮಾಂಜಾದಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಕೆಳಗೆ, ತಾರಸಿಯ ಕಟ್ಟೆಯ ಆಚೆ, ಒಂದಡಿ ಅಗಲದ ಸಜ್ಜಾದ ಮೇಲೆ ನನ್ನ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಅಡುಗೆಮನೆಯ ಕತ್ತರಿ.

ಹದ್ದು ಬದುಕಿತು. ಮಗಳ ಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಅವಳು ಕೆಳಗಿಳಿದು ಬಂದ ಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಒಂದು ಹದ್ದಿಗೋಸ್ಕರವೇ ಎಂದು ಕೇಳಿದ್ದಂತೂ ನೆನಪಿದೆ. ಸಂಜೆಯೊಳಗೆ ಅದು ಸಾಯುತ್ತಿತ್ತಮ್ಮ ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ಹದಿನೈದು ದಿನ ನಮ್ಮಿಬ್ಬರ ನಡುವೆ ಉಪ್ಪು, ಸಾರು, ಕೀಲಿಕೈ ಇಂಥ ಮಾತುಗಳಷ್ಟೇ. ಒಂದು ರಾತ್ರಿ ಊಟದ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ನನಗೆಂದೇ ಇಟ್ಟಳೋ, ಮರೆತು ಹೋದಳೋ ನಾನು ಕೇಳಲಿಲ್ಲ. ಡಯಾನ್ ಫಾಸಿ ಬರೆದ ‘ಗೊರಿಲ್ಲಾಸ್ ಇನ್ ದ ಮಿಸ್ಟ್’. ನಿದ್ದೆ ಬಾರದ ಹೊತ್ತಿನಲ್ಲಿ ಓದಲು ಹಿಡಿದೆ. ಅದು ಮುಗಿದ ಮೇಲೆ ಅವಳ ಬಗ್ಗೆ ಬೇರೆಯವರು ಬರೆದದ್ದನ್ನೂ ಹುಡುಕಿ ಓದಿದೆ. ಹಾಗೆ ತಿಳಿದುಕೊಂಡದ್ದನ್ನೇ ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಡಯಾನ್ ಹುಟ್ಟಿದ್ದು 1932ರ ಜನವರಿ 16ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಿಕ್ಕವಳಿದ್ದಾಗಲೇ ತಂದೆ ತಾಯಿ ಬೇರೆಯಾದರು. ತಾಯಿ ಮರುಮದುವೆಯಾದರು. ಮಲತಂದೆ ಅನುಕೂಲಸ್ಥ, ಆದರೆ ಕಟ್ಟುನಿಟ್ಟಿನ ಮನುಷ್ಯ. ಹತ್ತು ವರ್ಷ ತುಂಬುವವರೆಗೆ ಡಯಾನ್‌ಗೆ ದೊಡ್ಡವರ ಜೊತೆ ಊಟದ ಮೇಜಿಗೆ ಕೂರುವ ಅವಕಾಶವೇ ಇರಲಿಲ್ಲವಂತೆ. ಸಾಕಲು ಸಿಕ್ಕಿದ್ದು ಒಂದು ಹೊನ್ನಮೀನು ಮಾತ್ರ. ಅದು ಸತ್ತಾಗ ಹುಡುಗಿ ದಿನಗಟ್ಟಲೆ ಅತ್ತಳು. ಇನ್ನೊಂದು ಪ್ರಾಣಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಪಶುವೈದ್ಯೆ ಆಗಬೇಕೆಂದು ಕಾಲೇಜು ಸೇರಿದಳು. ರಸಾಯನಶಾಸ್ತ್ರ, ಭೌತಶಾಸ್ತ್ರ ಕೈಕೊಟ್ಟವು. ವಿಷಯ ಬದಲಿಸಿ 1954ರಲ್ಲಿ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಪಡೆದಳು. ಅಂದರೆ ಕೈಕಾಲು ಸ್ವಾಧೀನ ತಪ್ಪಿದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ವೃತ್ತಿ. ಕೆಂಟಕಿಯ ಲೂಯಿವಿಲ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಮಾತಾಡದ, ಹತ್ತಿರ ಬಾರದ ಮಕ್ಕಳ ಮುಂದೆ ತಾಳ್ಮೆಯಿಂದ ಕೂತು, ಅವರೇ ಕೈ ಚಾಚುವವರೆಗೆ ಕಾಯುವುದನ್ನು ಅಲ್ಲಿ ಕಲಿತಳು ಎಂದು ನನಗನಿಸುತ್ತದೆ. ಮುಂದೆ ಕಾಡಿನಲ್ಲಿ ಅವಳಿಗೆ ನೆರವಾದದ್ದು ಇದೇ ಗುಣ.

ಆಫ್ರಿಕಾ ನೋಡಬೇಕೆಂಬ ಆಸೆ ಹೇಗೋ ಹಿಡಿದುಕೊಂಡಿತು. ಕೂಡಿಟ್ಟ ಹಣ ಸಾಲದು ಎಂದು ಬ್ಯಾಂಕಿನಿಂದ ಸಾಲ ಮಾಡಿ 1963ರಲ್ಲಿ ಏಳು ವಾರಗಳ ಪ್ರವಾಸ ಹೊರಟಳು. ಟಾಂಜಾನಿಯಾದ ಓಲ್ಡುವೈ ಕಣಿವೆಯಲ್ಲಿ ಪ್ರಾಚೀನ ಮಾನವನ ಕುರುಹುಗಳನ್ನು ಅಗೆದು ತೆಗೆಯುತ್ತಿದ್ದ ಲೂಯಿ ಲೀಕಿ ದಂಪತಿಯನ್ನು ಭೇಟಿಯಾದಳು. ಅಲ್ಲಿ ಕಾಲು ಜಾರಿ ಹೊಸದಾಗಿ ಸಿಕ್ಕಿದ್ದ ಪಳೆಯುಳಿಕೆಯ ಮೇಲೆಯೇ ಬಿದ್ದಳು, ಪಾದ ಉಳುಕಿಸಿಕೊಂಡಳು. ಅದೇ ಊದಿದ ಕಾಲಿನಲ್ಲಿ ಎರಡು ವಾರದ ನಂತರ ಕಾಂಗೋದ ಮಿಕೆನೋ ಪರ್ವತ ಏರಿದಳು. ಮಂಜಿನಲ್ಲಿ ಮೊದಲು ವಾಸನೆ ಬಂತು, ಆಮೇಲೆ ಕೂಗು ಕೇಳಿತು, ಕೊನೆಗೆ ಎಲೆಗಳ ನಡುವಿನಿಂದ ಕಪ್ಪು ಮುಖಗಳು ಇವಳನ್ನು ನೋಡಿದವು. ಅಲ್ಲಿಗೆ ಮತ್ತೆ ಬರಲೇಬೇಕೆಂದು ಅವಳು ತೀರ್ಮಾನಿಸಿದ್ದು ಆಗ.

1966ರಲ್ಲಿ ಲೀಕಿ ಉಪನ್ಯಾಸಕ್ಕೆಂದು ಲೂಯಿವಿಲ್‌ಗೆ ಬಂದರು. ಚಿಂಪಾಂಜಿಗಳ ಅಧ್ಯಯನಕ್ಕೆ ಜೇನ್ ಗುಡಾಲ್ ಅವರನ್ನು ಕಳಿಸಿದ್ದವರು ಇವರೇ. ಗೊರಿಲ್ಲಾಗಳ ನಡುವೆ ವರ್ಷಗಟ್ಟಲೆ ಇರಬಲ್ಲವರು ಬೇಕಾಗಿದ್ದರು. ಡಯಾನ್ ಒಪ್ಪಿದಳು. ಆಸ್ಪತ್ರೆಯಿಲ್ಲದ ಕಾಡಿಗೆ ಹೋಗುವ ಮೊದಲು ಅಪೆಂಡಿಕ್ಸ್ ತೆಗೆಸಿಕೊಳ್ಳುವುದು ಒಳ್ಳೆಯದು ಎಂದರು ಲೀಕಿ. ಇವಳು ಹೋಗಿ ಆಪರೇಷನ್ ಮಾಡಿಸಿಕೊಂಡೇ ಬಂದಳು. ಮನೆಗೆ ಬಂದಾಗ ಅವರ ಪತ್ರ ಕಾದಿತ್ತು. ಅದೇನೂ ಅಗತ್ಯವಿರಲಿಲ್ಲ, ನಿನ್ನ ಛಲ ಎಷ್ಟೆಂದು ನೋಡಲು ಹೇಳಿದ್ದೆ ಎಂಬುದು ಅದರ ಸಾರ. ಓದುತ್ತಾ ನಾನು ನಕ್ಕೆ. ಆಮೇಲೆ ಅವಳ ತಾಯಿಯ ನೆನಪಾಗಿ ನಗು ನಿಂತಿತು. ಅವರಿಗೂ ಮಲತಂದೆಗೂ ಈ ಹೋಗುವಿಕೆ ಒಂದಿಷ್ಟೂ ಇಷ್ಟವಿರಲಿಲ್ಲ.

1966ರ ಡಿಸೆಂಬರಿನಲ್ಲಿ ಡಯಾನ್ ಆಫ್ರಿಕಾ ಸೇರಿದಳು. ವಯಸ್ಸು 34. ಆರಡಿ ಎತ್ತರದ ಹೆಂಗಸು, ಆದರೆ ಎತ್ತರದ ಜಾಗಗಳೆಂದರೆ ಅವಳಿಗೆ ಭಯ. ಉಸಿರಾಟದ ತೊಂದರೆ ಚಿಕ್ಕಂದಿನಿಂದ. ಸಿಗರೇಟು ಬಿಡಲಾಗದ ಚಟ. ಇಂಥವಳು ಹತ್ತು ಸಾವಿರ ಅಡಿ ಎತ್ತರದಲ್ಲಿ, ಸದಾ ಮಳೆ ಸುರಿಯುವ, ತುರಿಕೆ ಗಿಡಗಳು ಆಳೆತ್ತರ ಬೆಳೆದ ಇಳಿಜಾರುಗಳಲ್ಲಿ ಗುಡಾರ ಹೂಡಿದಳು. ಮೊದಲು ನೆಲೆಸಿದ್ದು ಕಾಂಗೋದ ಕಬಾರಾದಲ್ಲಿ. ಆರು ತಿಂಗಳಾಗುವಷ್ಟರಲ್ಲಿ, 1967ರ ಜುಲೈನಲ್ಲಿ, ದೇಶದಲ್ಲಿ ದಂಗೆ ಎದ್ದಿತು. ಸೈನಿಕರು ಬಂದು ಅವಳನ್ನು ಬೆಟ್ಟದಿಂದ ಇಳಿಸಿ ತಮ್ಮ ಕಾವಲಿನಲ್ಲಿಟ್ಟರು. ತನ್ನ ಜೀಪಿನ ಕಾಗದಪತ್ರ ಸರಿಮಾಡಿಸಬೇಕು, ಉಗಾಂಡಾದಲ್ಲಿ ಹಣವಿದೆ, ಕೊಡುತ್ತೇನೆ ಎಂದು ಕಾವಲುಗಾರರನ್ನು ನಂಬಿಸಿ ಅವರನ್ನೇ ಜೊತೆಯಲ್ಲಿ ಕೂರಿಸಿಕೊಂಡು ಗಡಿ ದಾಟಿದಳು. ಪರಿಚಯದ ಒಂದು ಹೋಟೆಲಿನೊಳಗೆ ಓಡಿಹೋಗಿ ಪಾರಾದಳು.

ಇಷ್ಟಾದ ಮೇಲೆ ಯಾರಾದರೂ ಮನೆಗೆ ಹೋಗುತ್ತಾರೆ. ಡಯಾನ್ ಅದೇ ಪರ್ವತಸಾಲಿನ ಇನ್ನೊಂದು ಮಗ್ಗುಲಿಗೆ, ರುವಾಂಡಾಕ್ಕೆ ಹೋದಳು. ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ನಡುವಿನ ಬಯಲಲ್ಲಿ 1967ರ ಸೆಪ್ಟೆಂಬರ್ 24ರಂದು ಎರಡು ಗುಡಾರ ಹಾಕಿದಳು. ಎರಡೂ ಹೆಸರು ಸೇರಿಸಿ ಆ ಜಾಗಕ್ಕೆ ಕರಿಸೋಕೆ ಎಂದು ಹೆಸರಿಟ್ಟಳು. ಮುಂದಿನ ಹದಿನೆಂಟು ವರ್ಷ, ನಡುವಿನ ಕೆಲವು ವರ್ಷ ಬಿಟ್ಟರೆ, ಅದೇ ಅವಳ ಮನೆ.

ಆಗ ಜಗತ್ತಿಗೆ ಗೊರಿಲ್ಲಾ ಎಂದರೆ ಸಿನಿಮಾದ ಕಿಂಗ್ ಕಾಂಗ್. ಡಯಾನ್ ಅವುಗಳ ಹತ್ತಿರ ಹೋಗಿದ್ದು ಕೋವಿ ಹಿಡಿದಲ್ಲ, ಮೊಣಕಾಲೂರಿ. ಅವು ತಿನ್ನುವ ಕಾಡು ಸೆಲರಿಯ ದಂಟನ್ನು ತಾನೂ ಜಗಿದಳು. ತೃಪ್ತಿಯಾದಾಗ ಅವು ಹೊರಡಿಸುವ ತೇಗಿನಂಥ ಸದ್ದನ್ನು ಕಲಿತು ತಾನೂ ಹೊರಡಿಸಿದಳು. ಅವುಗಳ ಕಣ್ಣಿಗೆ ಕಣ್ಣು ಕೊಡದೆ, ಎದ್ದು ನಿಲ್ಲದೆ, ತಲೆ ಕೆರೆದುಕೊಳ್ಳುತ್ತಾ ಕೂತಳು. ನಮ್ಮ ಬೆರಳ ಗುರುತಿನಂತೆ ಒಂದೊಂದು ಗೊರಿಲ್ಲಾಕ್ಕೂ ಮೂಗಿನ ಮೇಲಿನ ಗೆರೆಗಳು ಬೇರೆ. ಆ ಗೆರೆಗಳನ್ನು ಚಿತ್ರ ಬಿಡಿಸಿಟ್ಟುಕೊಂಡು ಒಂದೊಂದನ್ನೂ ಗುರುತು ಹಿಡಿದಳು, ಹೆಸರಿಟ್ಟಳು. ಮೂರನೆಯ ವರ್ಷ, 1970ರಲ್ಲಿ, ಪೀನಟ್ಸ್ ಎಂಬ ಗಂಡು ಗೊರಿಲ್ಲಾ ಮೆಲ್ಲಗೆ ಬಂದು ಅವಳ ಚಾಚಿದ ಅಂಗೈಗೆ ಬೆರಳು ತಾಗಿಸಿ ಹೋಯಿತು. ಕಾಡಿನ ಗೊರಿಲ್ಲಾವೊಂದು ತಾನಾಗಿಯೇ ಮನುಷ್ಯರ ಕೈ ಮುಟ್ಟಿದ್ದಕ್ಕೆ ಆವರೆಗೆ ದಾಖಲೆಯೇ ಇರಲಿಲ್ಲ.

ಅಧ್ಯಯನಕ್ಕೆಂದು ಹೋದವಳು ರಕ್ಷಣೆಗೆ ಇಳಿದದ್ದು ಹೇಗೆ? ಕಾಡಿನ ತುಂಬ ಉರುಳುಗಳಿದ್ದವು. ಬಾಗಿಸಿದ ಬಿದಿರಿಗೆ ತಂತಿಯ ಕುಣಿಕೆ ಕಟ್ಟಿ ನೆಲದಲ್ಲಿ ಎಲೆ ಮುಚ್ಚಿಡುತ್ತಿದ್ದರು. ಅವು ಗೊರಿಲ್ಲಾಕ್ಕೆ ಇಟ್ಟವಲ್ಲ, ಚಿಕ್ಕ ಜಾತಿಯ ಜಿಂಕೆಗಳಿಗೆ ಇಟ್ಟವು. ಆದರೆ ಆಡುತ್ತಾ ಬಂದ ಗೊರಿಲ್ಲಾ ಮರಿಯ ಕೈ ಸಿಕ್ಕಿಕೊಂಡರೆ ಅದು ಜಗ್ಗಿದಷ್ಟೂ ತಂತಿ ಬಿಗಿಯುತ್ತದೆ. ಬಿಡಿಸಿಕೊಂಡರೂ ತಂತಿ ಮಾಂಸದೊಳಗೇ ಉಳಿದು, ಕೊಳೆತು, ವಾರಗಳ ಮೇಲೆ ಸಾವು. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದು ಹೋದೆ. ಹದ್ದಿಗೆಂದು ಯಾರೂ ಮಾಂಜಾ ಕಟ್ಟುವುದಿಲ್ಲ. ನಮ್ಮ ಮಲೆನಾಡಿನ ಕಡೆ ಕಾಡುಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿ ಸಾಯುವುದನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಯಾರಿಗೋ ಇಟ್ಟದ್ದು, ಇನ್ಯಾರಿಗೋ ಬಿಗಿಯುತ್ತದೆ.

ಡಯಾನ್ ದಿನವೂ ಉರುಳು ಕತ್ತರಿಸುತ್ತಾ ನಡೆದಳು. ಕೊಡಲಿ, ಭರ್ಜಿ, ನಾಯಿಗಳಿದ್ದ ಕಳ್ಳಬೇಟೆಗಾರರನ್ನು ಕಾಡಿನಲ್ಲಿ ಎದುರಿಸಿದಳು. ಅವಳ ಜೊತೆಗಿದ್ದವರು ರುವಾಂಡಾದ ಹಳ್ಳಿಗಳ ಜಾಡುಗಾರರು. ಬೇಟೆಗಾರರಿಗೆ ಅವರ ಮನೆ ಗೊತ್ತು, ಹೆಂಡತಿ ಮಕ್ಕಳು ಗೊತ್ತು. ಹಾಗಿದ್ದೂ ಅವರು ಹಿಂಜರಿಯಲಿಲ್ಲ. 1979ರಲ್ಲಿ ಅಂಥ ನಾಲ್ಕೇ ಜನರ ತಂಡ ನಾಲ್ಕು ತಿಂಗಳಲ್ಲಿ 987 ಉರುಳುಗಳನ್ನು ಕಿತ್ತುಹಾಕಿತು. ಡಯಾನ್‌ಳ ಹೆಸರಿನ ಜೊತೆ ಇವರನ್ನೂ ನೆನೆಯದಿದ್ದರೆ ಈ ಕಥೆ ಅರ್ಧವೇ.

1969ರಲ್ಲಿ ಜರ್ಮನಿಯ ಕಲೋನ್ ಮೃಗಾಲಯಕ್ಕೆಂದು ಎರಡು ಗೊರಿಲ್ಲಾ ಮರಿಗಳನ್ನು ಹಿಡಿಯಲಾಯಿತು. ಗೊರಿಲ್ಲಾಗಳು ಮರಿಯನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ತಾಯಿಯೊಂದೇ ಅಲ್ಲ, ಇಡೀ ಗುಂಪು ಅಡ್ಡ ನಿಲ್ಲುತ್ತದೆ. ಆ ಎರಡು ಮರಿಗಳನ್ನು ಹಿಡಿಯುವಾಗ ಹದಿನೆಂಟು ಗೊರಿಲ್ಲಾಗಳು ಸತ್ತವೆಂದು ಡಯಾನ್ ಬರೆದಿದ್ದಾಳೆ. ಸಾಯುವ ಸ್ಥಿತಿಯಲ್ಲಿದ್ದ ಮರಿಗಳನ್ನು ಅವಳ ಬಳಿಗೆ ತಂದರು. ತನ್ನ ಗುಡಿಸಿಲಿನ ಒಂದು ಕೋಣೆಯ ತುಂಬ ಕಾಡಿನ ಗಿಡ ಬಳ್ಳಿಗಳನ್ನು ತಂದು ತುಂಬಿ, ಬಾಟಲಿಯಲ್ಲಿ ಹಾಲು ಕುಡಿಸಿ, ರಾತ್ರಿ ಎದ್ದು ಔಷಧ ಕೊಟ್ಟು ಎರಡು ತಿಂಗಳು ಸಾಕಿದಳು. ಕೋಕೋ, ಪಕರ್ ಎಂದು ಹೆಸರಿಟ್ಟಳು. ಕಾಡಿಗೆ ಬಿಡಲು ಅಂಗಲಾಚಿದಳು. ಕೇಳಲಿಲ್ಲ. ಚೇತರಿಸಿಕೊಂಡ ಮರಿಗಳು ಪೆಟ್ಟಿಗೆಯಲ್ಲಿ ಕೂತು ಕಲೋನ್‌ಗೆ ಹೋದವು. ಒಂಬತ್ತು ವರ್ಷ ಬದುಕಿ 1978ರಲ್ಲಿ ಎರಡೂ ಒಂದು ತಿಂಗಳ ಅಂತರದಲ್ಲಿ ಸತ್ತವು.

ಡಿಜಿಟ್ ಎಂಬ ಗಂಡು ಗೊರಿಲ್ಲಾ ಅವಳಿಗೆ ಎಲ್ಲಕ್ಕಿಂತ ಹತ್ತಿರದ್ದು. ಮೊದಲು ಕಂಡಾಗ ಐದು ವರ್ಷದ ಮರಿ. ಒಂದು ಬೆರಳು ಊನವಾಗಿತ್ತು, ಅದಕ್ಕೇ ಆ ಹೆಸರು. ಗುಂಪಿನಲ್ಲಿ ಅದರ ವಯಸ್ಸಿನ ಜೊತೆಗಾರರಿರಲಿಲ್ಲ. ಹಾಗಾಗಿ ಇವಳ ಬಳಿ ಬಂದು ಕೂರುತ್ತಿತ್ತು, ಕೈಗವಸು ಮೂಸುತ್ತಿತ್ತು, ನೋಟ್‌ಬುಕ್ ಎತ್ತಿಕೊಂಡು ನೋಡಿ ಹಿಂದಿರುಗಿಸುತ್ತಿತ್ತು. ಬೆಳೆದು ಬೆನ್ನಿಗೆ ಬೆಳ್ಳಿ ಬಣ್ಣ ಬಂದ ಮೇಲೆ ಗುಂಪಿನ ಕಾವಲುಗಾರನಾಯಿತು. 1977ರ ಡಿಸೆಂಬರ್ 31ರಂದು ಬೇಟೆಗಾರರು ಮತ್ತು ನಾಯಿಗಳ ಗುಂಪೊಂದು ಎದುರಾಯಿತು. ಡಿಜಿಟ್ ಒಬ್ಬನೇ ಅಡ್ಡ ನಿಂತಿತು. ಐದು ಕಡೆ ಭರ್ಜಿ ತಿವಿತವಾದರೂ ಒಂದು ನಾಯಿಯನ್ನು ಕೊಂದು, ತನ್ನ ಗುಂಪಿನ ಉಳಿದ ಹದಿಮೂರು ಜನ (ಜನ ಎಂದೇ ಬರೆಯುತ್ತೇನೆ, ಸಂಪಾದಕರು ತಿದ್ದದಿರಲಿ) ಪಾರಾಗುವವರೆಗೆ ಹಿಡಿದು ನಿಲ್ಲಿಸಿತು. ಬೇಟೆಗಾರರು ಅದರ ತಲೆಯನ್ನೂ ಕೈಗಳನ್ನೂ ಕಡಿದು ಒಯ್ದರು, ಮಾರಲು. ಆಗ ಅದರ ಸಂಗಾತಿ ಸಿಂಬಾ ಗರ್ಭಿಣಿ.

ಏಳು ತಿಂಗಳ ನಂತರ ಅದೇ ಗುಂಪಿನ ನಾಯಕ ಅಂಕಲ್ ಬರ್ಟ್ ಮತ್ತು ಅದರ ಸಂಗಾತಿ ಮಾಚೋ ಗುಂಡಿಗೆ ಬಲಿಯಾದವು. ಮೂರು ವರ್ಷದ ಅವುಗಳ ಮರಿ ಕ್ವೇಲಿ ಹೆಗಲಿನ ಗಾಯ ಕೊಳೆತು ಮೂರು ತಿಂಗಳಲ್ಲಿ ಸತ್ತಿತು. ಡಯಾನ್ ತನ್ನ ಗುಡಿಸಿಲಿನ ಪಕ್ಕದಲ್ಲಿ ಗೊರಿಲ್ಲಾಗಳಿಗೆಂದೇ ಒಂದು ಸ್ಮಶಾನ ಮಾಡಿ, ಮರದ ಫಲಕಗಳ ಮೇಲೆ ಹೆಸರು ಬರೆಸಿ ನಿಲ್ಲಿಸಿದಳು. ಡಿಜಿಟ್ ಹೆಸರಿನಲ್ಲಿ ನಿಧಿ ಸ್ಥಾಪಿಸಿ ಕಾವಲು ತಂಡಗಳಿಗೆ ಹಣ ಕೂಡಿಸಿದಳು.

ಇನ್ನು ನನಗೆ ನುಂಗಲಾಗದ ಭಾಗವನ್ನೂ ಹೇಳಬೇಕು. ಡಿಜಿಟ್ ಸತ್ತ ಮೇಲೆ ಡಯಾನ್ ಬಹಳ ಕಠಿಣವಾದಳು. ಹಿಡಿದ ಬೇಟೆಗಾರರನ್ನು ತುರಿಕೆ ಗಿಡದಿಂದ ಹೊಡೆಸಿದಳು. ಮುಖವಾಡ ಹಾಕಿಕೊಂಡು, ಮಾಟಗಾತಿಯೆಂದು ನಂಬಿಸಿ ಹೆದರಿಸಿದಳು. ಕಾಡಿಗೆ ಮೇಯಲು ಬಿಟ್ಟ ದನಗಳಿಗೆ ಗುಂಡು ಹೊಡೆದಳು. ಬೇಟೆಗಾರನೊಬ್ಬನ ಮಗುವನ್ನು ಹಿಡಿದಿಟ್ಟುಕೊಂಡಿದ್ದಳೆಂಬ ದೂರೂ ಇದೆ. ರುವಾಂಡಾ ಬಡ ದೇಶ, ಇಕ್ಕಟ್ಟಿನ ದೇಶ. ಹಂಗಾಮಿಲ್ಲದ ಕಾಲದಲ್ಲಿ ಆ ಜಿಂಕೆ ಮಾಂಸವೇ ಕೆಲವು ಮನೆಗಳ ಒಲೆ ಉರಿಸುತ್ತಿತ್ತು. ಗೊರಿಲ್ಲಾದ ನೋವು ಅಷ್ಟು ಚೆನ್ನಾಗಿ ಕಂಡ ಕಣ್ಣಿಗೆ ಇದು ಏಕೆ ಕಾಣಲಿಲ್ಲ? ಪ್ರವಾಸಿಗರನ್ನು ಗೊರಿಲ್ಲಾಗಳ ಬಳಿಗೆ ಕರೆತರುವುದನ್ನೂ ಅವಳು ವಿರೋಧಿಸಿದಳು. ಆದರೆ 1979ರಿಂದ ಬೇರೆಯವರು ಶುರುಮಾಡಿದ ಆ ಪ್ರವಾಸವೇ ಮುಂದೆ ಊರಿನವರಿಗೆ ಕೆಲಸ ಕೊಟ್ಟಿತು, ಗೊರಿಲ್ಲಾ ಸತ್ತರೆ ನಷ್ಟ, ಬದುಕಿದರೆ ಲಾಭ ಎಂಬುದನ್ನು ತೋರಿಸಿಕೊಟ್ಟಿತು. ಈ ವಿಷಯದಲ್ಲಿ ಅವಳ ಎಣಿಕೆ ತಪ್ಪಿತ್ತು. ಪ್ರಾಣಿಗಳ ಮೇಲಿನ ಪ್ರೀತಿ ಮನುಷ್ಯರ ಮೇಲಿನ ಸಿಟ್ಟಾಗಿ ಗಟ್ಟಿಯಾಗಿಬಿಡಬಹುದು ಎಂಬ ಎಚ್ಚರಿಕೆಯೂ ಅವಳ ಬಾಳಿನಲ್ಲಿದೆ.

ಆದರೂ 1980ರ ಒಂದು ಘಟನೆ ಓದಿದಾಗ ನನ್ನ ಮನಸ್ಸು ಮತ್ತೆ ಕರಗಿತು. ಆ ವರ್ಷದ ಮೊದಲ ದಿನ, ಬೇಟೆಗಾರರ ಕೈಯಿಂದ ಬಿಡಿಸಿದ ಒಂದು ಮರಿಯನ್ನು ಅವಳಿಗೆ ತಂದುಕೊಟ್ಟರು. ಹೊಸ ವರ್ಷದ ಶುಭಾಶಯ ಎಂಬರ್ಥದ ಫ್ರೆಂಚ್ ಹೆಸರನ್ನೇ ಇಟ್ಟಳು, ಬಾನ್ ಆನೆ. ಕೋಕೋ, ಪಕರ್ ಪಾಲಿಗೆ ಆಗದ್ದನ್ನು ಇದಕ್ಕಾದರೂ ಮಾಡಬೇಕೆಂದು, ಆರೈಕೆ ಮಾಡಿ ಕಾಡಿನ ಗುಂಪಿಗೇ ಸೇರಿಸಲು ಹೊರಟಳು. ತನ್ನ ವಿದ್ಯಾರ್ಥಿಯೊಬ್ಬನ ಜೊತೆ ಮರಿಯನ್ನು ಎತ್ತಿಕೊಂಡು ಗೊರಿಲ್ಲಾಗಳು ಮಲಗಿದ್ದಲ್ಲಿಗೆ ಹೋಗಿ ಒಂದು ಮರವೇರಿ ಕೂತಳು. ಗೊರಿಲ್ಲಾಗಳಿಗೆ ಮನುಷ್ಯರ ಕೈಯಲ್ಲಿ ಮರಿ ಕಂಡರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಂದೂವರೆ ಕ್ವಿಂಟಲ್ ಮೀರಿದ ಗಂಡು ನುಗ್ಗಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮರಿ ಕೆಳಗಿಳಿಯಿತು. ಆದರೆ ಅದು ಆ ಗುಂಪಿನ ರಕ್ತದ್ದಲ್ಲ. ಹೆಣ್ಣುಗಳು ಅದನ್ನು ಎಳೆದಾಡಿದವು, ಕಚ್ಚಿದವು. ಮರಿ ತಪ್ಪಿಸಿಕೊಂಡು ಮತ್ತೆ ಮನುಷ್ಯರ ಕಡೆಗೇ ಬಂತು. ಸುತ್ತ ಕೆರಳಿದ ಗುಂಪು, ಮರದ ಮೇಲೆ ಮರಿಯನ್ನು ಮರೆಮಾಡಿಕೊಂಡ ಇಬ್ಬರು. ಗುಂಪು ದೂರ ಸರಿಯುವವರೆಗೆ ಕಾದು ಜೀವ ಉಳಿಸಿಕೊಂಡು ಬಂದರು. ಮುಂದೆ ಡಿಜಿಟ್‌ನದೇ ಗುಂಪಿಗೆ ಮರಿಯನ್ನು ಒಯ್ದರು. ಸಾವುಗಳ ನಂತರ ಚದುರಿ ಗಂಡುಗಳೇ ಉಳಿದಿದ್ದ ಗುಂಪು ಅದು. ಅವು ಆ ಅನಾಥ ಹೆಣ್ಣು ಮರಿಯನ್ನು ಸೇರಿಸಿಕೊಂಡವು. ಒಂದು ವರ್ಷ ಅದು ಕಾಡಿನಲ್ಲಿ ಕಾಡಿನ ಮಗುವಾಗಿಯೇ ಬದುಕಿತು. ಆಮೇಲೆ ನ್ಯುಮೋನಿಯಾದಿಂದ ಸತ್ತಿತು.

ಒಂದು ವರ್ಷಕ್ಕೋಸ್ಕರ ಇಷ್ಟೆಲ್ಲ ಬೇಕಿತ್ತೇ? ಈ ಪ್ರಶ್ನೆ ಬರುತ್ತಲೇ, ತಾರಸಿಯಿಂದ ಇಳಿದ ಮಗಳಿಗೆ ನಾನು ಕೇಳಿದ್ದು ಇದನ್ನೇ ಅಲ್ಲವೇ ಎನಿಸಿತು.

ಆರೋಗ್ಯ ಕೆಟ್ಟು, ವಿರೋಧಿಗಳು ಹೆಚ್ಚಿ, 1980ರಲ್ಲಿ ಡಯಾನ್ ಅಮೆರಿಕಕ್ಕೆ ಹೋಗಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ತನ್ನ ಪುಸ್ತಕ ಬರೆದಳು. ಅದು 1983ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಅವಳು ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದಿದ್ದ, ಜಗತ್ತೇ ಬಲ್ಲ ವಿಜ್ಞಾನಿ. ಅಲ್ಲಿಯೇ ಬೆಚ್ಚಗಿರಬಹುದಿತ್ತು. ಹಿಂದಿರುಗಿದಳು. ಶ್ವಾಸಕೋಶ ಎಷ್ಟು ಹಾಳಾಗಿತ್ತೆಂದರೆ ತನ್ನ ಗುಡಿಸಿಲಿಗೆ ಹೋಗುವ ಏರನ್ನು ನಿಂತು ನಿಂತು ಹತ್ತಬೇಕಿತ್ತು. ಸ್ಥಳೀಯರು ಅವಳಿಗೆ ಇಟ್ಟ ಹೆಸರು ನ್ಯಿರಾಮಚಬೆಲ್ಲಿ. ಬೆಟ್ಟದ ಮೇಲೆ ಒಬ್ಬಳೇ ಇರುವ ಹೆಂಗಸು ಎಂದು ಅದರ ಅರ್ಥ ಹೇಳುತ್ತಾರೆ.

ಎರಡೆರಡು ತಿಂಗಳಿಗೆ ಸಿಗುತ್ತಿದ್ದ ವೀಸಾ 1985ರ ಡಿಸೆಂಬರಿನಲ್ಲಿ ಒಮ್ಮೆಗೇ ಎರಡು ವರ್ಷಕ್ಕೆ ಸಿಕ್ಕಿತು. ಕೆಲವೇ ವಾರ. ಡಿಸೆಂಬರ್ 26ರ ರಾತ್ರಿ ಯಾರೋ ಅವಳ ಗುಡಿಸಿಲಿನ ತಗಡಿನ ಗೋಡೆ ಕೊರೆದು ಒಳಗೆ ನುಗ್ಗಿ ಮಚ್ಚಿನಿಂದ ಕೊಂದರು. ಬೆಳಿಗ್ಗೆ ಕೆಲಸದವರು ಕಂಡರು. ಹಣ, ಪಾಸ್‌ಪೋರ್ಟ್ ಎಲ್ಲ ಇದ್ದಲ್ಲೇ ಇತ್ತು. ವಯಸ್ಸು 53. ಮೊಕದ್ದಮೆ ನಡೆದು ತೀರ್ಪೂ ಬಂತು, ಆದರೆ ಆ ತೀರ್ಪನ್ನು ಬಹಳ ಜನ ನಂಬಲಿಲ್ಲ. ಕೊಂದವರು ಯಾರೆಂಬ ಪ್ರಶ್ನೆ ಇಂದಿಗೂ ಹಾಗೇ ಇದೆ. ಗೊರಿಲ್ಲಾಗಳ ಸ್ಮಶಾನದಲ್ಲೇ, ಡಿಜಿಟ್ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದರು.

ತನ್ನ ಹಣವೆಲ್ಲ ಡಿಜಿಟ್ ನಿಧಿಗೆ ಹೋಗಬೇಕೆಂದು ಅವಳು ಉಯಿಲು ಬರೆದಿದ್ದಳು. ಅವಳ ತಾಯಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದರು. ಮೊದಲ ಸಲ ಇದನ್ನು ಓದಿದಾಗ ಎಂಥ ತಾಯಿ ಎಂದು ಸಿಟ್ಟು ಬಂತು. ಮಗಳ ಕೊನೆಯ ಆಸೆಯನ್ನೂ ನಡೆಸಿಕೊಡಲಿಲ್ಲವಲ್ಲ ಎಂದುಕೊಂಡೆ. ಎರಡನೆಯ ಸಲ ಓದಿದಾಗ ಬೇರೊಂದು ಯೋಚನೆ ಬಂತು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಹೇಗೆ ಗೊತ್ತಾಗಬೇಕು? ಆದರೆ ಮಗಳು ಹಿಡಿದ ದಾರಿಯನ್ನು ಹತ್ತೊಂಬತ್ತು ವರ್ಷ ಒಪ್ಪದ ತಾಯಿಗೆ, ಮಗಳನ್ನು ಕಿತ್ತುಕೊಂಡ ಕಾಡಿಗೇ ಅವಳ ಉಳಿದದ್ದನ್ನೂ ಕೊಡು ಎಂದರೆ? ನಾನು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಇಷ್ಟು ಮಾತ್ರ ಅನಿಸಿತು: ಬದುಕಿದ್ದಾಗಲೇ ಮಾತಾಡಿಕೊಳ್ಳಬೇಕು.

ಆ ರಾತ್ರಿಯೇ ಮಗಳ ಕೋಣೆಗೆ ಹೋದೆ. ಅವಳು ಮಾಡಿದ್ದು ಸರಿ ಎಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಒಂದಡಿ ಸಜ್ಜಾದ ಮೇಲೆ ಹಗ್ಗವಿಲ್ಲದೆ ನಿಲ್ಲುವುದು ತಪ್ಪು. ಆದರೆ ಒಂದು ಹದ್ದಿಗೋಸ್ಕರವೇ ಎಂದು ಕೇಳಿದ್ದು ನನ್ನ ತಪ್ಪು ಎಂದೆ. ಅವಳು ಹೊಲಿಗೆ ಬಿಚ್ಚಿದ ಬೆರಳು ತೋರಿಸಿ, ಮಡಚಲು ಇನ್ನೂ ನೋವಿದೆ ಎಂದಳು. ಹದಿನೈದು ದಿನದಿಂದ ನಾನು ಅದನ್ನು ನೋಡಿಯೇ ಇರಲಿಲ್ಲ.

ಡಯಾನ್‌ಳ ಗೊರಿಲ್ಲಾಗಳ ಸುದ್ದಿ ಹೇಳದೆ ಮುಗಿಸಬಾರದು. 1960ರ ಸುಮಾರಿಗೆ ಆ ವಿರುಂಗಾ ಪರ್ವತಗಳಲ್ಲಿ 450ರಷ್ಟಿದ್ದವು 1981ರ ಹೊತ್ತಿಗೆ 250ರ ಆಸುಪಾಸಿಗೆ ಇಳಿದಿದ್ದವು. ಈ ಶತಮಾನ ಮುಗಿಯುವ ಮೊದಲೇ ಅಳಿಯುತ್ತವೆ ಎಂದು ಅವಳು ಹೆದರಿದ್ದಳು. ಅಳಿಯಲಿಲ್ಲ. 1994ರ ನರಮೇಧದಲ್ಲಿ ಕರಿಸೋಕೆ ನೆಲಸಮವಾಯಿತು, ಆದರೆ ಜಾಡುಗಾರರು ಮತ್ತೆ ಕಾಡಿಗೆ ಹೋದರು, ಉರುಳು ಕೀಳುವುದನ್ನು ಬಿಡಲಿಲ್ಲ. 2015-16ರ ಗಣತಿಯಲ್ಲಿ ವಿರುಂಗಾದಲ್ಲೇ 604 ಸಿಕ್ಕವು. ಉಗಾಂಡಾದ ಬ್ವಿಂಡಿ ಕಾಡಿನವೂ ಸೇರಿ ಇಂದು ಪರ್ವತ ಗೊರಿಲ್ಲಾಗಳು ಸಾವಿರ ದಾಟಿವೆ. ಡಿಜಿಟ್ ನಿಧಿಗೆ ಈಗ ಡಯಾನ್‌ಳ ಹೆಸರೇ ಇದೆ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ನಿಷೇಧಿಸಿದೆ. ಆದರೂ ಸಂಕ್ರಾಂತಿ ಕಳೆದ ಮೇಲೆ ಮರ, ಕಂಬ, ತಂತಿಗಳ ಮೇಲೆ ಅದು ತಿಂಗಳುಗಟ್ಟಲೆ ನೇತಾಡುತ್ತದೆ, ಹಕ್ಕಿಗಳಿಗೆ ಉರುಳಾಗಿ. ಹಕ್ಕಿ ಸಿಕ್ಕಿಕೊಂಡದ್ದು ಕಂಡರೆ ನೀವಾಗಿ ಹತ್ತಬೇಡಿ. 101ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರು ಏಣಿ ತಂದು ಬಿಡಿಸುತ್ತಾರೆ. ಹಕ್ಕಿ ಕೈಗೆ ಸಿಕ್ಕರೆ ರೆಕ್ಕೆಗೆ ಸುತ್ತಿದ ದಾರವನ್ನು ಎಳೆಯಬೇಡಿ, ಎಳೆದಷ್ಟೂ ಕೊಯ್ಯುತ್ತದೆ. ಹತ್ತಿಬಟ್ಟೆ ಮುಚ್ಚಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಾಯಿಗೆ ನೀರು ಹಾಕದೆ ಪಶುವೈದ್ಯರ ಬಳಿ ಒಯ್ಯಿರಿ.

ಬರುವ ಸಂಕ್ರಾಂತಿಯ ಮರುದಿನ ಬೆಳಿಗ್ಗೆ, ಕೈಗೆ ಸಿಗುವ ಮಾಂಜಾ ಎಲ್ಲ ಕಿತ್ತು ಚೀಲ ತುಂಬಿಸಲು ನಮ್ಮ ವೇದಿಕೆಯ ನಾವು ಆರು ಜನ ಹೊರಡುವವರಿದ್ದೇವೆ. ಉದ್ದ ಕೋಲು, ಕತ್ತರಿ, ಚರ್ಮದ ಕೈಗವಸು ಈಗಾಗಲೇ ಬಂದಿವೆ. ಕೈಗವಸು ಇನ್ನೂ ನಾಲ್ಕು ಜೊತೆ ಹೆಚ್ಚಿಗೆ ಇವೆ. ಬರುವವರು ಹೆಸರು ಕೊಡಿ. ಎಳ್ಳುಬೆಲ್ಲ ನನ್ನ ಕಡೆಯಿಂದ.